ನರಹುಲಿಯೂ ನಮ್ಮ ಮನೆಮದ್ದುಗಳೂ



ಭಟ್ಕಳದ ನೆರೆಯಲ್ಲಿರುವ ನಮ್ಮ ಮುಟ್ಟಳ್ಳಿಯಲ್ಲಿ ಏಪ್ರಿಲ್, ಮೇ ತಿಂಗಳುಗಳು ಬಂದವೆಂದರೆ ಗೇರುಮರಗಳ ಕೆಳಗೆ ಮಕ್ಕಳದೇ ರಾಜ್ಯವು. ಹಣ್ಣನ್ನು ತಿಂದು, ಬೀಜವನ್ನು ಕೂಡಿಸಿ, ಅಂಗಳದ ಮೂಲೆಯಲ್ಲಿ ತರಗೆಲೆಯ ಬೆಂಕಿ ಮಾಡಿ ಸುಡುವಾಗ ಸಿಪ್ಪೆಯೊಳಗಿನ ಎಣ್ಣೆಯು ಚಿಟಚಿಟನೆ ಸಿಡಿದು ಉರಿಯುವದನ್ನು ಈ ಕರಾವಳಿಯಲ್ಲಿ ಬೆಳೆದ ಯಾವ ಹುಡುಗಿಯೂ ಮರೆತಿರಲಾರಳು. ನನಗೆ ಹತ್ತು ವರುಷವಾಗಿದ್ದಾಗ ಇದೇ ಎಣ್ಣೆಯಿಂದ ನನ್ನ ಬಲಗೈಯ ತೋರುಬೆರಳ ಗೆಣ್ಣಿನ ಮೇಲಿದ್ದ ಒಂದು ನರಹುಲಿಗೆ ಚಿಕಿತ್ಸೆಯಾಯಿತು. ಅಜ್ಜಿಯು ಹಸಿಬೀಜದ ಸಿಪ್ಪೆಯನ್ನು ಕತ್ತರಿಸಿ, ಒಸರಿದ ಎಣ್ಣೆಯನ್ನು ಕಡ್ಡಿಯ ತುದಿಯಿಂದ ಅದರ ನೆತ್ತಿಗೆ ಮುಟ್ಟಿಸಿದಳು. ಮರುದಿನ ಬೆರಳೆಲ್ಲಾ ಊದಿ ಗುಳ್ಳೆಯೆದ್ದಿತು. ಮೂರು ವಾರ ಪೆನ್ಸಿಲು ಹಿಡಿಯಲಾಗಲಿಲ್ಲ. ನರಹುಲಿಯೇನೋ ಉದುರಿತು. ಆದರೆ ಆರು ತಿಂಗಳಲ್ಲಿ ಸುಟ್ಟ ಕಲೆಯ ಅಂಚಿನಲ್ಲಿಯೇ ಬೇರೆ ಎರಡು ಎದ್ದವು. ಪುನಃ ಎಣ್ಣೆಯ ಭಯದಿಂದ ನಾನು ಅವನ್ನು ಯಾರಿಗೂ ತೋರಿಸದೆ, ಸೆರಗಿನಂತೆ ಲಂಗದ ಅಂಚನ್ನು ಕೈಗೆ ಸುತ್ತಿಕೊಂಡು ತಿರುಗುತ್ತಿದ್ದೆನು. ಮಳೆಗಾಲ ಕಳೆದ ಮೇಲೆ ಒಂದು ದಿನ ನೋಡಿದರೆ ಅವೆರಡೂ ಇರಲೇ ಇಲ್ಲ. ಗುರುತು ಸಹ ಉಳಿದಿರಲಿಲ್ಲ.

ಮದ್ದು ಹಾಕಿದ್ದು ಮರಳಿ ಬಂತು, ಹಾಕದೆ ಬಿಟ್ಟದ್ದು ತಾನಾಗಿ ಹೋಯಿತು. ಇದು ಹೇಗೆಂಬದನ್ನು ತಿಳಿದುಕೊಂಡರೆ ನಮ್ಮ ಮನೆಮದ್ದುಗಳಲ್ಲಿ ಯಾವದನ್ನು ಇಟ್ಟುಕೊಳ್ಳಬಹುದು, ಯಾವದನ್ನು ಬಿಡಬೇಕು ಎಂಬದು ತಾನೇ ಸ್ಪಷ್ಟವಾಗುವದು.

ಕಪ್ಪೆಯನ್ನು ಮುಟ್ಟಿದರೆ ನರಹುಲಿಯಾಗುವದೆಂದೂ, ರಾತ್ರಿ ನಕ್ಷತ್ರಗಳನ್ನು ಎಣಿಸಿದರೆ ಎಣಿಸಿದಷ್ಟು ಏಳುವವೆಂದೂ ನಾನು ಚಿಕ್ಕಂದಿನಲ್ಲಿ ಕೇಳಿದ್ದೆನು. ಕಪ್ಪೆಯೂ ನಕ್ಷತ್ರಗಳೂ ನಿರಪರಾಧಿಗಳು. ನರಹುಲಿಯ ರಸವನ್ನು ಬ್ಯಾಕ್ಟೀರಿಯಗಳು ಸಹ ದಾಟಲಾರದಷ್ಟು ಸೂಕ್ಷ್ಮವಾದ ಸೋಸಣಿಗೆಯಲ್ಲಿ ಸೋಸಿ, ಆ ತಿಳಿಯನ್ನು ಚರ್ಮಕ್ಕೆ ಚುಚ್ಚಿದರೂ ಹೊಸ ನರಹುಲಿ ಹುಟ್ಟುವದೆಂದು ಇಟಲಿಯ ವೈದ್ಯನಾದ ಚುಫ್ಫೋ ಎಂಬಾತನು 1907 ರಲ್ಲಿ ತೋರಿಸಿಕೊಟ್ಟನು. ಆ ಅಣುಜೀವಿಯ ಆಕಾರವು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದ್ದು 1949 ರಲ್ಲಿ. ಅದಕ್ಕೆ ಮಾನವ ಪ್ಯಾಪಿಲೋಮ ವೈರಸ್ ಎಂದು ಹೆಸರು. ಒಂದು ಮಿಲಿಮೀಟರನ್ನು ಸುಮಾರು 18,000 ಪಾಲು ಮಾಡಿದರೆ ಒಂದು ಪಾಲಿನಷ್ಟು ಅದರ ಅಗಲ. ಚರ್ಮದಲ್ಲಿ ಎಲ್ಲಿಯಾದರೂ ಚಿಕ್ಕ ಗೀರು ಬಿದ್ದಿದ್ದರೆ, ಉಗುರು ಕಡಿದ ಬೆರಳಾಗಿದ್ದರೆ, ನೀರಿನಲ್ಲಿ ನೆನೆದು ಮೆತ್ತಗಾದ ಅಂಗಾಲಾಗಿದ್ದರೆ, ಆ ಬಿರುಕಿನಿಂದ ಒಳಹೊಕ್ಕು ಮೇಲ್ಪದರವು ಅಳತೆಮೀರಿ ಬೆಳೆಯುವಂತೆ ಮಾಡುವದು.

ನರಹುಲಿಗೆ ಬೇರುಂಟೆಂದು ಜನರು ಹೇಳುವದುಂಟು, ಅದು ಸರಿಯಲ್ಲ. ಅದರ ಮೇಲೆ ಕಾಣುವ ಕಪ್ಪು ಚುಕ್ಕೆಗಳು ಬೇರಿನ ತುದಿಗಳಲ್ಲ, ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ವೈರಸ್ ವಾಸಿಸುವದು ಚರ್ಮದ ಹೊರಪದರದಲ್ಲಿ ಮಾತ್ರ. ಅದು ರಕ್ತದೊಳಗೆ ಹೊಗುವದಿಲ್ಲ. ಆದಕಾರಣವೇ ದೇಹದ ಕಾವಲುಗಾರರಿಗೆ ಕಳ್ಳನು ಹೊಕ್ಕ ಸುಳಿವು ಬಹುಕಾಲ ಹತ್ತುವದಿಲ್ಲ. ಸುಳಿವು ಹತ್ತಿದ ಮೇಲಾದರೋ, ಎರಡು ವರುಷ ಬೀಡುಬಿಟ್ಟಿದ್ದ ಹತ್ತು ನರಹುಲಿಗಳು ಕೆಲವೇ ವಾರಗಳಲ್ಲಿ ಒಟ್ಟಿಗೆ ಮಾಯವಾಗುವದುಂಟು. ಅಮೇರಿಕದಲ್ಲಿ ಒಂದು ಸಂಸ್ಥೆಯ ಮಕ್ಕಳನ್ನು ಎರಡು ವರುಷ ನೋಡುತ್ತಾ ಬಂದು 1963 ರಲ್ಲಿ ಪ್ರಕಟಿಸಿದ ವರದಿಯಂತೆ, ಯಾವ ಔಷಧವೂ ಇಲ್ಲದೆ ಮೂರರಲ್ಲಿ ಎರಡು ಪಾಲು ನರಹುಲಿಗಳು ಹೋಗಿದ್ದವು. 2013 ರಲ್ಲಿ ಹಾಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ನೋಡಿದಾಗಲೂ ಒಂದೇ ವರುಷದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಮುಕ್ತರಾಗಿದ್ದರು. ಹೆಸರಿನಲ್ಲಿ ಹುಲಿಯಿದ್ದರೂ ಇದು ಬಾಗಿಲು ತೆರೆದರೆ ತಾನೇ ಹೋಗುವ ಜಾತಿಯದು.

ಹೀಗಿರಲು, ನರಹುಲಿಯು ಹೊರಡುವ ಹೊತ್ತಿಗೆ ಅದರ ಮೇಲೆ ಯಾವ ಮದ್ದು ಇತ್ತೋ ಆ ಮದ್ದಿಗೆ ಕೀರ್ತಿ ಬರುವದು ಸಹಜವೇ. ಲೋಕದ ಎಲ್ಲಾ ದೇಶಗಳಲ್ಲಿಯೂ ನರಹುಲಿಗೆ ಇಷ್ಟು ವಿಧದ ಚಿಕಿತ್ಸೆಗಳು ಹುಟ್ಟಿದ್ದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ಮಾರ್ಕ್ ಟ್ವೇನನು 1876 ರಲ್ಲಿ ಪ್ರಕಟಿಸಿದ ಟಾಮ್ ಸಾಯರನ ಕಥೆಯಲ್ಲಿ ಹುಡುಗರು ಸತ್ತ ಬೆಕ್ಕನ್ನು ಹೊತ್ತು ನಡುರಾತ್ರಿ ಸ್ಮಶಾನಕ್ಕೆ ಹೋಗುವದು ನರಹುಲಿ ಕಳೆಯುವದಕ್ಕಾಗಿಯೇ. ತಮಿಳುನಾಡಿನ ವೈದೀಶ್ವರನ್ ಕೋಯಿಲಿನಲ್ಲಿ ಉಪ್ಪು ಮೆಣಸುಗಳನ್ನು ಅರ್ಪಿಸುವರು. ನಮ್ಮ ಕರಾವಳಿಯಲ್ಲಿ ಚರ್ಮದ ದೋಷಗಳಿಗೆ ಸುಬ್ರಹ್ಮಣ್ಯನಿಗೆ ಹರಕೆ ಹೇಳುವರು. ಇದನ್ನು ಓದಿ ಯಾರೂ ನಗಬೇಕಾದದ್ದಿಲ್ಲ. ಯಾಕಂದರೆ 1927 ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪ್ರಸಿದ್ಧ ಚರ್ಮವೈದ್ಯನಾದ ಬ್ರೂನೋ ಬ್ಲೋಖ್ ಎಂಬಾತನು ಸದ್ದುಮಾಡುವದರ ಹೊರತು ಬೇರೇನನ್ನೂ ಮಾಡದ ಒಂದು ಯಂತ್ರವನ್ನು ತಿರುಗಿಸಿ, ನರಹುಲಿಗೆ ಬರಿಯ ಬಣ್ಣ ಹಚ್ಚಿ, ಇದು ಗುಣವಾಗುವದೆಂದು ರೋಗಿಗಳಿಗೆ ಗಂಭೀರವಾಗಿ ಹೇಳಿ ಕಳುಹಿಸಿ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗುಣವಾಯಿತೆಂದು ಬರೆದನು. ಸುಮ್ಮನೆ ಬಿಟ್ಟರೂ ಹೋಗುವ ವಸ್ತುವಿನಲ್ಲಿ ನಂಬಿಕೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸುವದು ಸುಲಭವಲ್ಲ. ಉಪ್ಪು ಮೆಣಸುಗಳಿಂದ ಯಾರ ಬೆರಳೂ ಸುಡುವದಿಲ್ಲವೆಂಬದಾದರೂ ನಿಜ.

ಸುಡುವ ಮದ್ದುಗಳ ಮಾತು ಬೇರೆ. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲವೂ ಅದರ ಜೊತೆಗೆ ಕಾರ್ಡೋಲ್ ಎಂಬದೂ ಇರುತ್ತವೆ. ಇವು ಚರ್ಮವನ್ನು ಸುಡುವವು ಮಾತ್ರವಲ್ಲ, ಒಮ್ಮೆ ಒಗ್ಗದೆ ಹೋದವರಿಗೆ ಮುಂದೆ ಸ್ವಲ್ಪ ತಗಲಿದರೂ ಮೈಯೆಲ್ಲಾ ತುರಿಸಿ ಊದುವಂತೆ ಮಾಡುವವು. ಪೋರ್ತುಗೀಜರು ಬ್ರಾಜಿಲಿನಿಂದ ಈ ಮರವನ್ನು ತರುವದಕ್ಕೆ ಮುಂಚೆ ನಮ್ಮವರು ಅದರ ಬಂಧುವಾದ ಕರಿಗೇರನ್ನು, ಅಂದರೆ ಭಲ್ಲಾತಕವನ್ನು ಬಲ್ಲವರಾಗಿದ್ದರು. ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದುದು ಅದರ ರಸದಿಂದಲೇ. ಆ ಗುರುತು ಕುತ್ತಿಗೆಗೆ ತಗಲಿದ ಮಾತ್ರಕ್ಕೆ ಹಲವರಿಗೆ ಹುಣ್ಣಾಗುತ್ತಿತ್ತೆಂದರೆ, ಅದನ್ನೇ ನೇರವಾಗಿ ಮೈಗೆ ಹಚ್ಚಿದರೆ ಏನಾದೀತೆಂಬದನ್ನು ನೀವೇ ಊಹಿಸಬಹುದು. ಬಟ್ಟೆಸೋಡ ಬೆರಸಿದ ಸುಣ್ಣವೂ ಇದೇ ವರ್ಗದ್ದು. ಅದು ನರಹುಲಿ ಯಾವದು, ಒಳ್ಳೆಯ ಚರ್ಮ ಯಾವದು ಎಂದು ಕೇಳದೆ ಎರಡನ್ನೂ ತಿನ್ನುವದು. ಹಸಿ ಬೆಳ್ಳುಳ್ಳಿಯನ್ನು ಅರೆದು ರಾತ್ರಿಯೆಲ್ಲಾ ಕಟ್ಟಿಟ್ಟರೆ ಅದೂ ಬೊಬ್ಬೆ ಎಬ್ಬಿಸುವದು.

ಸುಟ್ಟ ಗಾಯದ ಅಂಚಿನಲ್ಲಿ ಹೊಸ ನರಹುಲಿಗಳು ಏಕೆ ಏಳುತ್ತವೆಂಬದು ಈಗ ಅರ್ಥವಾದೀತು. ವೈರಸ್ಸಿಗೆ ಬೇಕಾದದ್ದು ಬಿರುಕು. ನಾವು ಮದ್ದಿನ ಹೆಸರಿನಲ್ಲಿ ಅದನ್ನೇ ಒದಗಿಸಿಕೊಡುತ್ತೇವೆ. ಉಗುರಿನಿಂದ ಕಿತ್ತರೂ, ಬ್ಲೇಡಿನಿಂದ ಕೊಯ್ದರೂ ಫಲವು ಇದೇ.

ಎಕ್ಕದ ಹಾಲು ಕಳ್ಳಿಯ ಹಾಲುಗಳ ಕುರಿತು ವಿಶೇಷವಾಗಿ ಹೇಳಬೇಕಾಗಿದೆ. ಇವು ಬೇಲಿಯಲ್ಲಿಯೇ ಸಿಗುವವಾದ್ದರಿಂದ ಮಕ್ಕಳು ದೊಡ್ಡವರನ್ನು ಕೇಳದೆ ಹಚ್ಚಿಕೊಳ್ಳುವರು. ಎಕ್ಕದ ಹಾಲಿನಲ್ಲಿ ಮಾಂಸವನ್ನು ಕರಗಿಸುವ ಸತ್ವವುಂಟು. ನರಹುಲಿಯ ಮೇಲ್ಭಾಗವು ಇದರಿಂದ ಸ್ವಲ್ಪ ಮೆತ್ತಗಾಗುವದೂ ನಿಜ. ಆದರೆ ಹಾಲು ಹತ್ತಿದ ಅದೇ ಕೈಯಿಂದ ಕಣ್ಣುಜ್ಜಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವು ಊದಿ ದೃಷ್ಟಿಯು ಮಸುಕಾಗುವದು. ಎಕ್ಕದ ಹಾಲಿನ ಪೆಟ್ಟಿನಲ್ಲಿ ಕೆಲವೊಮ್ಮೆ ನೋವು ಕಡಿಮೆಯಿರುವದರಿಂದ ಜನರು ತಡವಾಗಿ ಎಚ್ಚರಗೊಳ್ಳುವರು. ಹಾಗೇನಾದರೂ ಆದಲ್ಲಿ ಶುದ್ಧವಾದ ನೀರನ್ನು ಕಾಲುಗಂಟೆಯಾದರೂ ಬಿಡದೆ ಕಣ್ಣಿಗೆ ಹರಿಸಿ ತಕ್ಷಣವೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮುಖದ ಮೇಲಿನ ನರಹುಲಿಗೆ ಇವನ್ನು ಯಾವ ಕಾಲಕ್ಕೂ ಹಚ್ಚಕೂಡದು.

ನಮ್ಮ ಜಿಲ್ಲೆಯ ನಾಟಿವೈದ್ಯದಲ್ಲಿ ಸತ್ವವಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಉತ್ತರ ಕನ್ನಡದಲ್ಲಿ ಚರ್ಮರೋಗಗಳಿಗೆ ಬಳಸುವ ಸಸ್ಯಗಳನ್ನು ಕುರಿತು ಸಂಶೋಧಕರು 2003 ರಲ್ಲಿ ಒಂದು ಲೇಖನವನ್ನೇ ಪ್ರಕಟಿಸಿದ್ದಾರೆ. ಸುಶ್ರುತಸಂಹಿತೆಯೂ ಮಷಕ, ತಿಲಕಾಲಕ ಮೊದಲಾದವುಗಳನ್ನು ಶಸ್ತ್ರದಿಂದ ತೆಗೆದು ಕ್ಷಾರದಿಂದಾಗಲಿ ಅಗ್ನಿಯಿಂದಾಗಲಿ ಸುಡಬೇಕೆಂದು ಹೇಳುವದು. ಆದರೆ ಅದು ಕಲಿತ ವೈದ್ಯನ ಕೈಗೆ ಹೇಳಿದ ಮಾತು. ಅಡಿಗೆಮನೆಯಲ್ಲಿ ಕಡ್ಡಿ ಹಿಡಿದ ನಮ್ಮ ಕೈಗಲ್ಲ.

ಕುತ್ತಿಗೆ, ಕಂಕುಳು, ಕಣ್ಣೆವೆಗಳಲ್ಲಿ ತೊಟ್ಟಿನಿಂದ ಜೋತಾಡುವ ಮೆತ್ತನೆಯ ತೊಗಲ ತುಣುಕುಗಳು ನರಹುಲಿಗಳಲ್ಲ. ವಯಸ್ಸಾದಂತೆ, ಮೈ ಬಂದಂತೆ, ಬಸಿರಿನ ಕಾಲದಲ್ಲಿ ಇವು ಹೆಚ್ಚುವವು. ಬಹಳವಾಗಿ ಎದ್ದರೆ ಒಮ್ಮೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸುವದೊಳ್ಳೆಯದು. ಇವಕ್ಕೆ ಕುದುರೆಯ ಬಾಲದ ಕೂದಲನ್ನು ಬಿಗಿದು ಕಟ್ಟುವ ಪದ್ಧತಿಯುಂಟು. ತೊಟ್ಟು ಸಣ್ಣದಾಗಿದ್ದರೆ ರಕ್ತಸಂಚಾರ ನಿಂತು ತುಣುಕು ಒಣಗಿ ಬೀಳುವದು ಸುಳ್ಳಲ್ಲ. ವೈದ್ಯರೂ ಶುದ್ಧವಾದ ದಾರದಿಂದ ಹೀಗೆ ಮಾಡುವದುಂಟು. ಆದರೆ ಕುದುರೆಯ ಲದ್ದಿಯಲ್ಲಿ ಧನುರ್ವಾಯುವಿನ ಬೀಜಾಣುಗಳು ಇರುವವೆಂಬದನ್ನು ಬಲ್ಲವರು ಬಾಲದ ಕೂದಲನ್ನು ಹಸಿಗಾಯಕ್ಕೆ ಕಟ್ಟಲಾರರು. ಚರ್ಮದ ಕೆಳಗೆ ಬೆರಳಿಗೆ ಜಾರುವ ಮೆತ್ತನೆಯ ನೆಣದ ಗಂಟಿಗೆ ಲೇಪದಿಂದ ಪ್ರಯೋಜನವಿಲ್ಲ. ನೋವಿಲ್ಲದೆ, ಬೆಳೆಯದೆ ಇದ್ದರೆ ಅದನ್ನು ಇದ್ದಂತೆ ಬಿಡಬಹುದು. ಮಕ್ಕಳ ಮೈಮೇಲೆ ಮುತ್ತಿನಂತೆ ಹೊಳೆದು ನಡುವೆ ಕುಳಿ ಬಿದ್ದಿರುವ ಗುಳ್ಳೆಗಳು ಬೇರೊಂದು ವೈರಸ್ಸಿನವು. ಅವೂ ತಾವಾಗಿ ಹೋಗುವವು. ಟವೆಲು ಮಾತ್ರ ಬೇರೆ ಇಡಬೇಕು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೋ ಎಂದು ಕೇಳುವಿರಿ. ಉಂಟು. ಔಷಧದಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಮ್ಲದ ದ್ರಾವಣ, ಸಾಮಾನ್ಯವಾಗಿ ನೂರಕ್ಕೆ 17 ರ ಸಾಮರ್ಥ್ಯದ್ದು, ನಿಜವಾಗಿಯೂ ಸ್ವಲ್ಪಮಟ್ಟಿಗೆ ಸಹಾಯಮಾಡುವದೆಂದು ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿ 2012 ರಲ್ಲಿ ನಿರ್ಣಯಿಸಲಾಯಿತು. ರಾತ್ರಿ ಮಲಗುವ ಮುಂಚೆ ಕೈಯನ್ನು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನೆನೆಯಿಸಿ, ಸತ್ತ ಚರ್ಮವನ್ನು ಉಜ್ಜುಗಲ್ಲಿನಿಂದ ರಕ್ತ ಬಾರದಂತೆ ತಿಕ್ಕಿ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನು ಸವರಿ, ನರಹುಲಿಯ ಮೇಲೆ ಮಾತ್ರ ಒಂದು ತೊಟ್ಟು ಹಾಕಬೇಕು. ಆ ಕಲ್ಲನ್ನು ಇನ್ನೊಬ್ಬರು ಉಪಯೋಗಿಸಕೂಡದು. ಹೀಗೆ ಮೂರು ತಿಂಗಳು ಬಿಡದೆ ಮಾಡುವ ತಾಳ್ಮೆ ಬೇಕು. ಒಂದು ವಾರಕ್ಕೇ ಸೀಸೆಯನ್ನು ಅಟ್ಟಕ್ಕೆ ಏರಿಸುವವರಿಗೆ ಇದರಿಂದ ಫಲವಿಲ್ಲ. ಮುಖಕ್ಕೂ ಗುಪ್ತಾಂಗಗಳಿಗೂ ಮಚ್ಚೆಗಳಿಗೂ ಇದನ್ನು ಹಚ್ಚಬಾರದು. ಸಕ್ಕರೆ ಕಾಯಿಲೆಯವರು ಕಾಲಿಗೆ ಹಚ್ಚಲೇಬಾರದು. ಅಂಟುಪಟ್ಟಿಯನ್ನು ಸುತ್ತಿದರೆ ಸಾಕೆಂದು 2002 ರಲ್ಲಿ ಒಂದು ಪರೀಕ್ಷೆಯಿಂದ ದೊಡ್ಡ ಸುದ್ದಿಯಾಯಿತು. 2006 ಮತ್ತು 2007 ರ ಪರೀಕ್ಷೆಗಳಲ್ಲಿ ಅಂಥಾ ಗುಣವೇನೂ ಕಾಣಲಿಲ್ಲ. ಆದರೂ ಪಟ್ಟಿಯಿಂದ ಕೆಡುಕು ಕಡಿಮೆ, ಕೈ ಕೆರೆಯುವ ಮಗುವಿಗೆ ಅಡ್ಡಿಯೂ ಆಗುವದು. ಆಸ್ಪತ್ರೆಗಳಲ್ಲಿ ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಶೀತದ ದ್ರವ ನೈಟ್ರೋಜನಿನಿಂದ ಹೆಪ್ಪುಗಟ್ಟಿಸುವದೂ ವಿದ್ಯುತ್ತಿನಿಂದ ಸುಡುವದೂ ಉಂಟು.

ನಿಜವಾದ ಅಪಾಯವಿರುವದು ನರಹುಲಿಯಲ್ಲಿ ಅಲ್ಲ, ನರಹುಲಿಯಲ್ಲದ್ದನ್ನು ನರಹುಲಿಯೆಂದು ಕರೆಯುವದರಲ್ಲಿ. ಗದ್ದೆಯಲ್ಲಿಯೂ ಕಡಲದಂಡೆಯಲ್ಲಿಯೂ ಬರಿಗಾಲಲ್ಲಿ ದುಡಿಯುವ ನಮ್ಮ ತಾಯಂದಿರು ಅಂಗಾಲಿನಲ್ಲಿ ಏನೆದ್ದರೂ ಆಣಿಯೆಂದು ಹೇಳಿ ಸುಮ್ಮನಾಗುವರು. ನಮ್ಮ ದೇಶದವರಲ್ಲಿ ಮೆಲನೋಮ ಎಂಬ ಘೋರವಾದ ಚರ್ಮದ ಅರ್ಬುದವು ಅಪರೂಪವಾದರೂ, ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಭಾಗಗಳಲ್ಲಿಯೇ ಕಾಣುವದು. ಹರಡುತ್ತಿರುವ ಕಪ್ಪು ಕಲೆ, ಬಣ್ಣವೋ ಅಂಚೋ ಬದಲಾಗುತ್ತಿರುವ ಮಚ್ಚೆ, ರಕ್ತ ಒಸರುವ ಗಂಟು, ಒಂದು ತಿಂಗಳಾದರೂ ಮಾಯದ ಹುಣ್ಣು, ಇವುಗಳಿಗೆ ಯಾವ ಸೊಪ್ಪಿನ ರಸವನ್ನೂ ಹಿಂಡದೆ ವೈದ್ಯರಿಗೆ ತೋರಿಸಬೇಕು. ಸ್ಪರ್ಶಜ್ಞಾನವಿಲ್ಲದ ಮಾಸಲು ಕಲೆಯಾಗಲಿ, ಕಿವಿಯ ಹಾಲೆಯಲ್ಲಿಯೂ ಮುಖದಲ್ಲಿಯೂ ಏಳುವ ನುಣುಪು ಗಂಟುಗಳಾಗಲಿ ಕುಷ್ಠದ ಚಿಹ್ನೆಗಳಾಗಿರಬಹುದು. ಆ ರೋಗಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ಔಷಧವುಂಟು. ಬೇಗ ಹೋದವರಿಗೆ ಅಂಗವೈಕಲ್ಯವಿಲ್ಲದೆ ಪೂರ್ಣವಾಗಿ ಗುಣವಾಗುವದು.

ವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತು. ಪ್ಯಾಪಿಲೋಮ ವೈರಸ್ಸಿನಲ್ಲಿ 200 ಕ್ಕೂ ಮಿಕ್ಕಿ ಬಗೆಗಳುಂಟು. ಗರ್ಭಕೋಶದ ಕೊರಳಿನ ಅರ್ಬುದಕ್ಕೆ ಮುಖ್ಯ ಕಾರಣವಾದ 16, 18 ನೆಯ ಬಗೆಗಳು ಬೇರೆ, ಕೈಕಾಲುಗಳ ನರಹುಲಿಯ ಬಗೆಗಳು ಬೇರೆ. ಬೆರಳಿನದು ಅರ್ಬುದವಾಗುವದೆಂದು ಯಾರೂ ನಿದ್ದೆಗೆಡಬೇಕಾಗಿಲ್ಲ. ಆ ಅರ್ಬುದವನ್ನು ತಡೆಯುವ ಲಸಿಕೆಯು 9 ರಿಂದ 14 ವರುಷದ ಹುಡುಗಿಯರಿಗೆ ಹೆಚ್ಚು ಫಲಕಾರಿಯಾದದ್ದರಿಂದ, ಮನೆಯಲ್ಲಿ ತಾಯಂದಿರೊಡನೆ ಇದನ್ನು ಕುರಿತು ಮಾತಾಡಲಿಕ್ಕೆ ನಾಚಬೇಡಿರಿ. ಗುಪ್ತಾಂಗಗಳಲ್ಲಿ ಏಳುವ ನರಹುಲಿಗೆ ಮನೆಮದ್ದೇ ಇಲ್ಲವೆಂದು ತಿಳಿಯಿರಿ. ಅದನ್ನು ವೈದ್ಯೆಯೇ ನೋಡಬೇಕು.

ಆಟದಲ್ಲಿ ಕೈ ಕೈ ಹಿಡಿದು ಸುತ್ತುಗಟ್ಟುವಾಗ ನರಹುಲಿಯ ಹುಡುಗಿಯ ಕೈಯನ್ನು ಬಿಟ್ಟು ನಿಲ್ಲುವವರನ್ನು ನಾನು ಈಗಲೂ ಕಾಣುತ್ತೇನೆ. ಗೀರಿಲ್ಲದ ಒಣಗಿದ ಕೈಯಿಂದ ಕೈಗೆ ಅದು ದಾಟುವ ಸಂಭವವು ತೀರ ಕಡಿಮೆ. ಬೇಕೆಂದರೆ ಅದರ ಮೇಲೊಂದು ಪಟ್ಟಿಯನ್ನು ಅಂಟಿಸಿದರಾಯಿತು. ನನ್ನ ಅಜ್ಜಿಯು ಕಡೆಯವರೆಗೂ ತನ್ನ ಗೇರೆಣ್ಣೆಯಿಂದಲೇ ನನ್ನ ಬೆರಳು ನೆಟ್ಟಗಾಯಿತೆಂದು ಬಂದವರಿಗೆಲ್ಲಾ ಹೇಳುತ್ತಿದ್ದಳು. ನಾನು ಒಮ್ಮೆಯೂ ಎದುರಾಡಲಿಲ್ಲ. ಆದರೆ ನನ್ನ ಮಗಳ ಮೊಣಕಾಲಿನಲ್ಲಿ ಒಂದು ಎದ್ದಾಗ, ಹದಿನಾಲ್ಕು ತಿಂಗಳು ಅದಕ್ಕೆ ಏನನ್ನೂ ಹಚ್ಚದೆ ಕಾದೆವು, ಅದು ಹೋಯಿತು.