ಭೂಮಧ್ಯರೇಖೆಯ ಸಮೀಪದ ಹಿಮಶಿಖರ

ಉಷ್ಣವಲಯದಲ್ಲಿ ಹಿಮವುಂಟೇ ಎಂದು ಭೂಗೋಳ ಪಾಠದಲ್ಲಿ ಬಾಲಕಿಯರು ನಮ್ಮನ್ನು ಕೇಳುವದುಂಟು. ಇದಕ್ಕೆ ಪೂರ್ವ ಆಫ್ರಿಕದ ಟಾಂಜಾನಿಯ ದೇಶದಲ್ಲಿರುವ ಕಿಲಿಮಂಜಾರೋ ಪರ್ವತವೇ ಉತ್ತರ. ಭೂಮಧ್ಯರೇಖೆಗೆ ಸುಮಾರು 3 ಡಿಗ್ರಿ ದಕ್ಷಿಣದಲ್ಲಿರುವ ಈ ಅಗ್ನಿಪರ್ವತದ ಎತ್ತರವು ಸುಮಾರು 19,340 ಅಡಿ. ಮೇಲೇರಿದ ಹಾಗೆಲ್ಲಾ ಶಾಖವು ತಗ್ಗುವದರಿಂದ, ಕೆಳಗಣ ಇಳಿಜಾರಿನಲ್ಲಿ ಛಗ್ಗಾ ಜನರು ಬಾಳೆ, ಕಾಫಿಗಳನ್ನು ಬೆಳೆಯುತ್ತಿದ್ದರೂ ತುದಿಯಲ್ಲಿ ನೀರು ಹೆಪ್ಪುಗಟ್ಟುವದು.

ಈ ಸಂಗತಿಯನ್ನು ಪಂಡಿತರೂ ಒಮ್ಮೆ ನಂಬಲಿಲ್ಲ. ಮಂಗಳೂರು ಪ್ರಾಂತದವರು ಚೆನ್ನಾಗಿ ಬಲ್ಲ ಬಾಸೆಲ್ ಮಿಶನ್ನಿನ ಶಿಕ್ಷಣಶಾಲೆಯಲ್ಲಿ ಕಲಿತ ಯೋಹಾನ್ನೆಸ್ ರೆಬ್ಮನ್ ಎಂಬ ಮಿಶನರಿಗಳು 1848ರ ಮೇ 11ರಂದು ಶಿಖರದ ಮೇಲೆ ಬಿಳುಪನ್ನು ಕಂಡರು. ದಾರಿ ತೋರುವವನು ಅದನ್ನು ಚಳಿ ಎಂದಷ್ಟೇ ಕರೆದನು. ಅದು ಹಿಮವೆಂದು ರೆಬ್ಮನ್ನರು ತಿಳಿದು ಬರೆದರು. ಆ ಬೆಟ್ಟವನ್ನು ಕಣ್ಣಾರೆ ಕಾಣದ ಲಂಡನ್ನಿನ ಭೂಗೋಳಜ್ಞ ಕೂಲಿಯವರು ಅದನ್ನು ಅಲ್ಲಗಳೆದರು. 1862ರಲ್ಲಿ ಫಾನ್ ಡೆರ್ ಡೆಕೆನ್ ಎಂಬವರು ಪರ್ವತವನ್ನು ಅರ್ಧಕ್ಕಿಂತ ಮೇಲಕ್ಕೇರಿ, ಹಿಮವಿರುವದು ನಿಜವೆಂದು ದೃಢಪಡಿಸಿದರು. 1889ರಲ್ಲಿ ಹಾನ್ಸ್ ಮೆಯರ್, ಲುಡ್ವಿಗ್ ಪುರ್ಟ್‌ಶೆಲ್ಲರ್ ಎಂಬವರು ತುದಿ ಮುಟ್ಟಿದರು. 1927ರಲ್ಲಿ ಶೀಲಾ ಮ್ಯಾಕ್‌ಡೊನಾಲ್ಡ್ ಎಂಬ ತರುಣಿಯು ಅಲ್ಲಿ ನಿಂತ ಪ್ರಥಮ ಸ್ತ್ರೀ ಎನಿಸಿಕೊಂಡಳು. ಹೆಣ್ಣುಮಕ್ಕಳಿಗೆ ಇದು ಅಸಾಧ್ಯವೆನ್ನುವವರು ಇದನ್ನು ಗಮನಿಸಲಿ.

ಈಗ ಪ್ರವಾಸಿಗಳು ಮರಾಂಗು ಮುಂತಾದ ಮಾರ್ಗಗಳಿಂದ, ಪರವಾನಗಿಯುಳ್ಳ ಮಾರ್ಗದರ್ಶಕರೊಡನೆಯೇ ಹೋಗಬೇಕು. ಐದಾರು ದಿನಗಳಲ್ಲಿ ದಟ್ಟಡವಿ, ಕುರುಚಲು ಗಿಡಗಳ ಬಯಲು, ಕಲ್ಲುಮರಳಿನ ಬೆಂಗಾಡು ಇವನ್ನು ದಾಟಿ ಹಿಮವನ್ನು ಸೇರುವರು. ತುದಿಯಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವದರ ಅರ್ಧದಷ್ಟು ಮಾತ್ರ. ಆದಕಾರಣ ಆತುರಪಡುವವರಿಗೆ ತಲೆನೋವು, ವಾಂತಿ ತಗಲುವವು. ಅವನ್ನು ಮರೆಮಾಡಿ ಮುಂದುವರಿದರೆ ಪ್ರಾಣಕ್ಕೇ ಅಪಾಯ. ಕೆಳಗಿಳಿಯುವದೇ ಅದಕ್ಕೆ ಮುಖ್ಯ ಚಿಕಿತ್ಸೆ. ಮಾರ್ಗದರ್ಶಕರು ಸ್ವಾಹಿಲಿಯಲ್ಲಿ "ಪೋಲೆ ಪೋಲೆ", ಅಂದರೆ "ಮೆಲ್ಲಗೆ ಮೆಲ್ಲಗೆ" ಎಂದು ಎಚ್ಚರಿಸುತ್ತಲೇ ಇರುವರು.

ಆದರೆ ಆ ಹಿಮವು ಕ್ಷಯಿಸುತ್ತಿದೆ. 1912ರಿಂದ 2000ದೊಳಗೆ ಮಂಜುಗಡ್ಡೆ ಹರಡಿದ್ದ ವಿಸ್ತೀರ್ಣದಲ್ಲಿ ನೂರಕ್ಕೆ ಸುಮಾರು 80 ಪಾಲು ಇಲ್ಲವಾಯಿತು. ಬೀಳುವ ಹಿಮವು ಕಡಿಮೆಯಾದದ್ದೂ ಭೂಮಿಯ ತಾಪವು ಹೆಚ್ಚಿದ್ದೂ ಇದಕ್ಕೆ ಕಾರಣಗಳು. 2050ರೊಳಗೆ ಉಳಿದದ್ದೂ ಕರಗೀತೆಂದು 2022ರಲ್ಲಿ ಯುನೆಸ್ಕೋ ಸಂಸ್ಥೆಯು ತಿಳಿಸಿತು.

ಉಷ್ಣವಲಯದಲ್ಲಿ ಹಿಮವಿದೆಯೆಂಬ ಸಾಕ್ಷ್ಯವನ್ನು ಅಂದು ಜನರು ನಂಬಲಿಲ್ಲ. ಅದು ಅಳಿಯುತ್ತಿದೆಯೆಂಬ ಸಾಕ್ಷ್ಯವನ್ನಾದರೂ ಇಂದು ನಾವು ನಂಬಬೇಡವೇ? ನಮ್ಮ ಹಳೆಯ ವಿದ್ಯಾರ್ಥಿನಿಯರ ಮಕ್ಕಳು ಇದೇ ಪ್ರಶ್ನೆಯನ್ನು ಕೇಳಿದಾಗ, "ಉಂಟು" ಎನ್ನುವ ಬದಲು "ಇತ್ತು" ಎಂದು ಹೇಳುವ ಕಾಲವು ಬಾರದಿರಲೆಂದು ಹಾರೈಸುತ್ತೇವೆ.