ಒಂದು ಮೀಟರ್ ತಪ್ಪು ಕಲಿಸಿದ ಪಾಠ

‘ನಾಳೆಯಿಂದ ಬರೋಕೆ ಆಗಲ್ಲ ಸರ್, ಕ್ಷಮಿಸಿ.’ ಕಳೆದ ರಜೆಯ ಒಂದು ರಾತ್ರಿ ಈ ಸಾಲನ್ನು ಮೊಬೈಲ್‌ನಲ್ಲಿ ಟೈಪ್ ಮಾಡಿ, ಕಳುಹಿಸಲೋ ಬೇಡವೋ ಎಂದು ತುಂಬಾ ಹೊತ್ತು ನೋಡುತ್ತಾ ಕುಳಿತಿದ್ದೆ. ಇಂಟರ್ನ್‌ಶಿಪ್ ಶುರುವಾಗಿ ಆಗಿನ್ನೂ ನಾಲ್ಕೇ ದಿನ.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕಂಪ್ಲಿ ಕಡೆಯ ಸರ್ವೇಯರ್ ಒಬ್ಬರ ಬಳಿ ಕೆಲಸ ಕಲಿಯಲು ಸೇರಿದ್ದೆ. ಹೊಲಗಾಲುವೆಯೊಂದರ ದುರಸ್ತಿಗೆ ಮೊದಲು ನೆಲದ ಮಟ್ಟ ಅಳೆಯಬೇಕಿತ್ತು. ಪರೀಕ್ಷೆಯಲ್ಲಿ ಸರ್ವೇಯಿಂಗ್‌ಗೆ ಒಳ್ಳೆಯ ಅಂಕವೇ ಬಂದಿತ್ತು. ಆದರೆ ಲ್ಯಾಬ್‌ನಲ್ಲಿ ಗುಂಪಿನ ಜೊತೆ ನಿಂತಾಗಲೆಲ್ಲ ನಾನು ರೀಡಿಂಗ್ ಬರೆದುಕೊಳ್ಳುವವಳು, ಉಪಕರಣಕ್ಕೆ ಕಣ್ಣಿಟ್ಟವಳಲ್ಲ. ಹೀಗಾಗಿ ಬಯಲಿನಲ್ಲಿ ಆಟೊ ಲೆವೆಲ್ ಕೂರಿಸಿ, ಅದರ ಗುಳ್ಳೆಯನ್ನು ನಡುವೆ ತರುವಷ್ಟರಲ್ಲೇ ಕೈ ನಡುಗುತ್ತಿತ್ತು.

ಲೆವೆಲಿಂಗ್‌ನಲ್ಲಿ ಎತ್ತರ ಗೊತ್ತಿರುವ ಒಂದು ಬಿಂದುವಿನಿಂದ ಹೊರಟು, ಅಲ್ಲಲ್ಲಿ ಸ್ಟಾಫ್ ನಿಲ್ಲಿಸಿ ರೀಡಿಂಗ್ ತೆಗೆದುಕೊಳ್ಳುತ್ತಾ ಹೋಗಿ, ಕೊನೆಗೆ ಅದೇ ಬಿಂದುವಿಗೆ ಮರಳುತ್ತೇವೆ. ಲೆಕ್ಕದಲ್ಲಿ ಬಂದ ಎತ್ತರ ಹೊರಟಾಗಿನ ಎತ್ತರಕ್ಕೆ ಹೊಂದಬೇಕು. ಪೂರ್ತಿ ಹೊಂದುವುದು ಅಪರೂಪ. ಸಾಧಾರಣ ಕೆಲಸದಲ್ಲಿ ಒಂದು ಕಿಲೋಮೀಟರ್ ಸುತ್ತಿಗೆ ಸುಮಾರು 24 ಮಿಲಿಮೀಟರ್‌ವರೆಗಿನ ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದೆಂದು ನಮ್ಮ ಪಠ್ಯಪುಸ್ತಕವೇ ಹೇಳುತ್ತದೆ. ಅಂದು ನನ್ನ ಲೆಕ್ಕದಲ್ಲಿ ಬಂದ ವ್ಯತ್ಯಾಸ 1 ಮೀಟರ್ 8 ಮಿಲಿಮೀಟರ್!

ನಮ್ಮ ಹೊಲ ಇರುವುದೂ ಕಾಲುವೆಯ ಕೊನೆಯ ಭಾಗದಲ್ಲೇ. ನೀರು ಕೊನೆಯವರೆಗೆ ಬಾರದಿದ್ದರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಇಂಥ ತಪ್ಪು ಮಾಡುವವಳ ಮಾತು ನಂಬಿ ಯಾರಾದರೂ ಕಾಲುವೆ ತೋಡಿದರೆ ಗತಿ ಏನು? ಈ ಕೆಲಸ ನನಗಲ್ಲ ಅನ್ನಿಸಿತು. ಆ ರಾತ್ರಿಯ ಮೆಸೇಜ್ ಹುಟ್ಟಿದ್ದು ಹಾಗೆ.

ಫೀಲ್ಡ್ ಬುಕ್ ನನ್ನ ಬಳಿಯೇ ಉಳಿದಿತ್ತು. ಕೊಟ್ಟು, ಹೇಳಿ ಬರೋಣವೆಂದು ಬೆಳಿಗ್ಗೆ ಹೋದೆ. ಸರ್ ಪುಟ ತಿರುವಿ ನೋಡಿ ನಕ್ಕರು. “ಯಾಕವ್ವ, ಮುಖ ಸಣ್ಣ ಮಾಡ್ಕೊಂಡಿ? ಎಂಟು ಮಿಲಿಮೀಟರ್ ಅಂದ್ರ ಚಲೋನೇ ಐತಿ. ಆ ಒಂದು ಮೀಟರ್ ಎಲ್ಲೋ ಓದೋದ್ರಾಗ ತಪ್ಪಿರತೈತಿ. ಹೋಗಿ ಹುಡುಕು” ಎಂದರು.

ಹುಡುಕುವುದಕ್ಕೂ ಒಂದು ಕ್ರಮವಿದೆ. ಬ್ಯಾಕ್‌ಸೈಟ್‌ಗಳ ಮೊತ್ತದಲ್ಲಿ ಫೋರ್‌ಸೈಟ್‌ಗಳ ಮೊತ್ತ ಕಳೆದರೆ, ಕೊನೆಯ ಮತ್ತು ಮೊದಲ ಎತ್ತರಗಳ ವ್ಯತ್ಯಾಸಕ್ಕೆ ಅದು ಸರಿಹೊಂದಬೇಕು. ಹೊಂದಿತು. ಅಂದರೆ ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ, ರೀಡಿಂಗ್‌ನಲ್ಲೇ ತಪ್ಪಿದೆ. ಸ್ಟಾಫ್ ಹಿಡಿಯುವ ತಾತನ ಜೊತೆ ಮತ್ತೆ ಹೊಲಕ್ಕೆ ಹೋಗಿ, ಒಂದೊಂದೇ ಜೋಡಿ ಬಿಂದುಗಳ ನಡುವಿನ ಎತ್ತರವನ್ನು ಮತ್ತೆ ಅಳೆದೆ. ಮೂರನೆಯ ಜಾಗದಲ್ಲಿ ಸಿಕ್ಕಿತು. 1.415 ಎಂದು ಬರೆಯಬೇಕಾದ ಕಡೆ 2.415 ಎಂದು ಬರೆದಿದ್ದೆ. “ಗುದ್ದಲಿ ಬೀಳೋಕೆ ಮುಂಚೇನೇ ಸಿಕ್ತಲ್ಲ ತಾಯಿ, ಅಷ್ಟು ಸಾಕು” ಎಂದರು ತಾತ.

ಆಗ ನನಗೆ ಹೊಳೆದದ್ದು ಇಷ್ಟು. ನಾನು ಅನುಮಾನಪಡಬೇಕಾಗಿದ್ದು ರೀಡಿಂಗ್ ಮೇಲೆ, ನನ್ನ ಮೇಲಲ್ಲ. ತಪ್ಪೇ ಮಾಡದವರಿಗಾಗಿ ಈ ವಿದ್ಯೆ ಹುಟ್ಟಿದ್ದರೆ, ಹೊರಟ ಬಿಂದುವಿಗೆ ಮರಳಿ ತಾಳೆ ನೋಡುವ ನಿಯಮವೇ ಇರುತ್ತಿರಲಿಲ್ಲ.

ದೊಡ್ಡವರ ಕೆಲಸದಲ್ಲೂ ಹೀಗೇ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದದ್ದು ಯಾರಿಗೆ ನೆನಪಿಲ್ಲ? ತುಂಬಿದ ಜಲಾಶಯ, ರಭಸದಿಂದ ಹರಿಯುವ ನೀರು, ಲಕ್ಷಾಂತರ ಎಕರೆಯ ಬೆಳೆಯ ಚಿಂತೆ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್ ಲಾಗ್ ಇಳಿಸುವ ಕೆಲಸ ನಡೆಯಿತು. ಅಷ್ಟು ಅನುಭವಿಗಳಿದ್ದರೂ ಮೊದಲ ಪ್ರಯತ್ನ ಕೈಗೂಡಲಿಲ್ಲ. ಅವರು ಗಂಟು ಮೂಟೆ ಕಟ್ಟಲಿಲ್ಲ, ಮತ್ತೆ ಪ್ರಯತ್ನಿಸಿದರು. ಒಂದು ವಾರದೊಳಗೆ ಒಂದರ ಮೇಲೊಂದರಂತೆ ತುಂಡುಗಳು ಕುಳಿತು ನೀರು ನಿಂತಿತು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಈ ಬಗ್ಗೆ ಬರೆದಿದ್ದಾರೆ. ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ಬೇರೆಯವರನ್ನು ನೋಡುವುದು, ಪ್ರೋತ್ಸಾಹದ ಮಾತು ಕೇಳುವುದು ಎಲ್ಲವೂ ನೆರವಾಗುತ್ತವೆ. ಆದರೆ ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಯಶಸ್ಸು ಕಂಡ ಅನುಭವ ಎನ್ನುತ್ತಾರೆ ಅವರು. ಅಂದರೆ ಧೈರ್ಯ ಬಂದ ಮೇಲೆ ಕೆಲಸ ಶುರು ಮಾಡುತ್ತೇನೆಂದು ಕಾದರೆ ಕಾಯುತ್ತಲೇ ಇರಬೇಕು. ಮೊದಲು ಚಿಕ್ಕದೊಂದು ಕೆಲಸ, ಆಮೇಲೆ ಧೈರ್ಯ.

ಗೆಳೆಯರೇ, ಕೋಡಿಂಗ್ ಆಗಲಿ, ಟ್ಯಾಲಿ ಆಗಲಿ, ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಎದುರಿಸುವುದಾಗಲಿ, ಹೊಸದು ಕಲಿಯುವಾಗ ‘ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೇ ಗೊತ್ತಿಲ್ಲ’ ಅನ್ನಿಸುವುದು ಸಹಜ. ನಾನೀಗ ಮೂರು ಅಭ್ಯಾಸ ಇಟ್ಟುಕೊಂಡಿದ್ದೇನೆ. ಆದ ತಪ್ಪನ್ನು ದಿನಾಂಕದ ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಎರಡನೇ ಸಲ ಅದೇ ತಪ್ಪು ಬಂದರೆ ಬೇಗ ಸಿಕ್ಕಿಬೀಳುತ್ತದೆ. ಗೊತ್ತಿಲ್ಲದ್ದನ್ನು ಅದೇ ದಿನ ಕೇಳಿಬಿಡುತ್ತೇನೆ. ‘ನನಗೆ ಬರಲ್ಲ’ ಎನ್ನುವ ಬದಲು ‘ಎಲ್ಲಿ ತಪ್ಪಿದೆ’ ಎಂದು ಕೇಳಿಕೊಳ್ಳುತ್ತೇನೆ. ಮೊದಲನೆಯದಕ್ಕೆ ಅಳುವುದು ಬಿಟ್ಟರೆ ಬೇರೆ ಉತ್ತರವಿಲ್ಲ, ಎರಡನೆಯದನ್ನು ಹುಡುಕಬಹುದು.

ರಜೆ ಮುಗಿಯುವ ಹೊತ್ತಿಗೆ ಇನ್ನೊಂದು ಸುತ್ತನ್ನು ಪೂರ್ತಿ ನಾನೇ ಅಳೆದೆ. ವ್ಯತ್ಯಾಸ 6 ಮಿಲಿಮೀಟರ್ ಬಂತು. ಸರ್ ಏನೂ ಹೇಳದೆ ಪುಟದ ಕೆಳಗೆ ಸಹಿ ಹಾಕಿದರು. ಮನೆಗೆ ಬಂದವಳೇ ಮೊಬೈಲ್‌ನಲ್ಲಿ ಹಾಗೇ ಉಳಿದಿದ್ದ ಆ ಮೆಸೇಜ್ ಅಳಿಸಿದೆ.