ಮೊದಲು ಹುಳದ ಚಿತ್ರ, ಆಮೇಲೆ ಮದ್ದು



ಅಲಸಂಡೆಯ ಚಿಗುರು ಮುದುಡಿದೆ. ತಿರುಗಿಸಿ ನೋಡಿದರೆ ಕರಿ ಹೇನುಗಳ ಹಿಂಡು. ಅದರ ನಡುವೆ ಪುಟ್ಟ ಮೊಸಳೆಯಂತಹ, ಕಿತ್ತಳೆ ಚುಕ್ಕೆಗಳ ಒಂದು ಕಪ್ಪು ಹುಳ. ಇದೇ ಕೇಡಿನ ಮೂಲವೆಂದು ನಾವು ಮದ್ದಿನ ಪಂಪು ಹೊರುತ್ತೇವೆ. ಆದರೆ ಅದು ಗುಲಗಂಜಿ ಹುಳದ ಮರಿ, ಹೇನುಗಳನ್ನು ತಿಂದು ಬದುಕುವ ರೈತಮಿತ್ರ. ಮದ್ದಿಗೆ ಅದು ಸತ್ತರೆ ಉಳಿದ ಹೇನುಗಳಿಗೆ ಹೇಳುವವರು ಕೇಳುವವರು ಇಲ್ಲ.

ಆದುದರಿಂದ ಮೊದಲು ಹುಳದ ಗುರುತು ಹಿಡಿಯೋಣ. ಸ್ಪಷ್ಟವಾದ ಚಿತ್ರವಿದ್ದರೆ ಕೃಷಿ ಭವನದವರಿಗೆ ತೋರಿಸಿ ಕೇಳಬಹುದು. ಮಸುಕಾದ ಚಿತ್ರದಿಂದ ಪ್ರಯೋಜನವಿಲ್ಲ.

ಮೊಬೈಲ್ ಇರುವವರು ಹುಳಕ್ಕೆ ಅತಿ ಹತ್ತಿರ ಹೋಗಬಾರದು. ಚಿತ್ರ ಮಸುಕಾದೊಡನೆ ಸ್ವಲ್ಪ ಹಿಂದೆ ಸರಿದು, ಪರದೆಯಲ್ಲಿ ಹುಳದ ಮೇಲೆ ಬೆರಳೊತ್ತಿ ತೆಗೆಯಬೇಕು.

ಮ್ಯಾಕ್ರೋ ಲೆನ್ಸಿನ ಕ್ಯಾಮರಾ ಇರುವ ಯುವಕರು ಇದನ್ನು ಗಮನಿಸಲಿ. ಇಷ್ಟು ಹತ್ತಿರದಲ್ಲಿ ಒಂದೆರಡು ಮಿಲಿಮೀಟರಿನಷ್ಟು ಭಾಗ ಮಾತ್ರ ಸ್ಪಷ್ಟವಾಗಿ ಮೂಡುತ್ತದೆ. ಅಪರ್ಚರ್ ಎಫ್ 8ರಿಂದ ಎಫ್ 11ರವರೆಗೆ ಇಟ್ಟರೆ ಈ ಭಾಗ ಹೆಚ್ಚುತ್ತದೆ. ಆದರೆ ಬೆಳಕು ಕಡಿಮೆಯಾಗುತ್ತದೆ. ಅದಕ್ಕಾಗಿ ಫ್ಲ್ಯಾಶ್ ಬೇಕು. ಆಗ ಶಟರ್ 1/200, ಐ.ಎಸ್.ಓ. 200ರಿಂದ 400 ಸಾಕು. ಫ್ಲ್ಯಾಶಿನ ಮುಂದೆ ತೆಳು ಬಿಳಿ ಕಾಗದ ಕಟ್ಟಿದರೆ ಹುಳದ ಮೈ ಹೊಳೆದು ಬಣ್ಣ ಮರೆಯಾಗುವುದಿಲ್ಲ. ಫೋಕಸನ್ನು ಮ್ಯಾನುವಲ್‌ನಲ್ಲಿಟ್ಟು, ನಾವೇ ನಿಧಾನವಾಗಿ ಹಿಂದೆ ಮುಂದೆ ಸರಿದು, ಹುಳದ ಕಣ್ಣು ಸ್ಪಷ್ಟವಾದಾಗ ಒತ್ತಬೇಕು.

ಇಬ್ಬನಿ ಆರುವ ಮೊದಲು ಹೋಗುವುದು ಉತ್ತಮ. ಆಗ ಗಾಳಿ ಕಡಿಮೆ, ಹುಳಗಳೂ ಮಂದ. ಮೂರು ಚಿತ್ರ ಬೇಕು: ಇಡೀ ಗಿಡ, ಎಲೆಯ ಅಡಿಭಾಗ, ಹುಳ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಡಿ.

ಇಷ್ಟೆಲ್ಲ ಏಕೆ ಎನ್ನುವಿರಾ? ಕಾಸರಗೋಡಿನವರಾದ ನಾವು ಹಾಗೆ ಕೇಳಬಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೂ ಎಂಡೋಸಲ್ಫಾನ್ ಸುರಿದರು. ಗುರಿಯಿಟ್ಟದ್ದು ಟೀ ಸೊಳ್ಳೆಯೆಂಬ ಸಣ್ಣ ಕೀಟಕ್ಕೆ; ನೋವುಂಡದ್ದು ನಮ್ಮ ಮಕ್ಕಳು. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರಲ್ಲಿ. ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ, ಕೃಷಿಗೆ ನೆರವಾಗುವ ಕೀಟಗಳು ವಿಷದಿಂದ ಮರೆಯಾಗುತ್ತಿರುವುದನ್ನು ನೆನಪಿಸಿದ್ದಾರೆ.

ಮದ್ದಿನ ಅಂಗಡಿಗೆ ಹೋಗುವ ಮೊದಲು ಒಂದು ಬೆಳಿಗ್ಗೆ ಗಿಡದ ಬಳಿ ಕುಳಿತುಕೊಳ್ಳೋಣ. ದೇವರು ನಿಮ್ಮ ತೋಟವನ್ನೂ ಮನೆಮಂದಿಯನ್ನೂ ಆಶೀರ್ವದಿಸಲಿ.